ಸ್ಪಾರ್ಕ್ ಪ್ಲಗ್ ಮತ್ತು ಹೈಟೆನ್ಷನ್ ವೈರ್: ಪುಣೆಯ ಸರಕು ವಾಹನಗಳಲ್ಲಿ

ಪೆಟ್ರೋಲ್ ಅಥವಾ ಗ್ಯಾಸಿನಿಂದ ಓಡುವ ಎಂಜಿನ್ನಿನ ಸಿಲಿಂಡರಿನೊಳಗೆ ಕಿಡಿ ಹಾರಿಸಿ ಇಂಧನವನ್ನು ಹೊತ್ತಿಸುವ ಸಾಧನ ಸ್ಪಾರ್ಕ್ ಪ್ಲಗ್. ಇಗ್ನಿಷನ್ ಕಾಯಿಲಿನಲ್ಲಿ ಹುಟ್ಟುವ 10 ಸಾವಿರದಿಂದ 20 ಸಾವಿರ, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ವೋಲ್ಟಿನ ವಿದ್ಯುತ್ತನ್ನು ಪ್ಲಗ್‌ಗೆ ಮುಟ್ಟಿಸುವುದು ಹೈಟೆನ್ಷನ್ ವೈರ್. ಎರಡೂ ಸವೆಯುವ ಸಾಮಾನುಗಳು, ಕಾಲಕಾಲಕ್ಕೆ ಬದಲಿಸಲೇಬೇಕು. ಭಾರತದ ಲಾರಿಗಳ ಮಟ್ಟಿಗೆ ಇವುಗಳ ಚರಿತ್ರೆ ಸ್ವಲ್ಪ ವಿಚಿತ್ರ: ಸ್ವಾತಂತ್ರ್ಯದ ಹೊತ್ತಿಗೆ ಎಲ್ಲೆಲ್ಲೂ ಇದ್ದವು, ಡೀಸೆಲ್ ಬಂದ ಮೇಲೆ ಹೆಚ್ಚುಕಡಿಮೆ ಮಾಯವಾದವು, ಸಿಎನ್‌ಜಿಯ ಬೆನ್ನಿಗೆ ಮರಳಿ ಬಂದವು. ಈ ಏರಿಳಿತದಲ್ಲಿ ಪುಣೆಯ ಕಾರ್ಖಾನೆಗಳದು ದೊಡ್ಡ ಪಾತ್ರ. ಪ್ಲಗ್‌ಗಳನ್ನು ತಯಾರಿಸಿದ್ದು ಮಾತ್ರ ಪುಣೆ-ಬೆಂಗಳೂರು (ಪಿ.ಬಿ.) ರಸ್ತೆಯ ಇನ್ನೊಂದು ತುದಿಯಲ್ಲಿರುವ ಬೆಂಗಳೂರು.

ವಿದ್ಯುತ್ ಕಿಡಿಯಿಂದ ಎಂಜಿನ್ ನಡೆಸುವ ಯತ್ನ ಲಾರಿಗಿಂತ ಹಳೆಯದು. 1860ರಲ್ಲಿ ಎತಿಯೆನ್ ಲೆನ್ವಾರ್ ಪ್ಯಾರಿಸಿನಲ್ಲಿ ತಯಾರಿಸಿದ ಗ್ಯಾಸ್ ಎಂಜಿನ್ನಿನಲ್ಲೇ ಪ್ಲಗ್‌ನ ಮೂಲರೂಪವಿತ್ತು. ವೇಗವಾಗಿ ತಿರುಗುವ ವಾಹನದ ಎಂಜಿನ್ನಿಗೆ ಭರವಸೆಯ ಕಿಡಿ ಸಿಕ್ಕಿದ್ದು 1902ರಲ್ಲಿ. ಸ್ಟುಟ್‌ಗಾರ್ಟಿನ ರಾಬರ್ಟ್ ಬಾಷ್ ಕಂಪನಿಯ ಗಾಟ್‌ಲೋಬ್ ಹೊನೋಲ್ಡ್ ಹೈವೋಲ್ಟೇಜ್ ಮ್ಯಾಗ್ನೆಟೊವನ್ನೂ ಅದಕ್ಕೆ ಒಪ್ಪುವ ಪ್ಲಗ್ಗನ್ನೂ ಒಟ್ಟಿಗೇ ರೂಪಿಸಿದ. ಮುಂದೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿ, ಕಾಯಿಲ್, ಪಾಯಿಂಟ್ ಮತ್ತು ಡಿಸ್ಟ್ರಿಬ್ಯೂಟರುಗಳ ಏರ್ಪಾಡನ್ನು ಬಳಕೆಗೆ ತಂದ. ಹಳೆಯ ಲಾರಿಗಳ ಬಾನೆಟ್ ಎತ್ತಿದರೆ ಕಾಣುತ್ತಿದ್ದುದು ಇದೇ.

ಭಾರತದಲ್ಲಿ ಮೊದಲು ಓಡಿದ ಲಾರಿಗಳು ಬಹುಪಾಲು ಪೆಟ್ರೋಲಿನವು. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣೆ ಆರಂಭಿಸಿತು. ಷೆವರ್ಲೆ, ಫೋರ್ಡ್, ಡಾಜ್, ಫಾರ್ಗೊ, ಬೆಡ್‌ಫರ್ಡ್ ಹೆಸರುಗಳು ಘಟ್ಟದ ಮೇಲೂ ಕೆಳಗೂ ಮನೆಮಾತಾದವು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಇದೇ ಎಂಜಿನ್ನುಗಳಿಗೆ ಇದ್ದಿಲಿನ ಗ್ಯಾಸ್ ಉಣಿಸಲಾಯಿತು. ಬಸ್ಸಿನ ಹಿಂದೆ ಒಲೆ ಕಟ್ಟಿಕೊಂಡು ಓಡಿದ ಆ ದಿನಗಳ ಬಗ್ಗೆ ತಮಾಷೆಯ ಕಥೆಗಳು ಬೇಕಾದಷ್ಟಿವೆ. ಮೆಕ್ಯಾನಿಕ್ಕಿಗೆ ಮಾತ್ರ ಅದು ತಮಾಷೆಯಾಗಿರಲಿಲ್ಲ: ಸರಿಯಾಗಿ ಸೋಸದ ಗ್ಯಾಸಿನ ಜತೆ ಬಂದ ಟಾರು, ಬೂದಿ ಪ್ಲಗ್‌ನ ತುದಿಗೆ ಮೆತ್ತಿಕೊಂಡು ಕಿಡಿಯನ್ನೇ ನಿಲ್ಲಿಸುತ್ತಿದ್ದವು.

ಪೆಟ್ರೋಲ್ ಲಾರಿಯ ಕಾಲ ಮುಗಿಯಲು ಆರಂಭವಾದದ್ದು 1954ರಲ್ಲಿ, ಟಾಟಾ ಸಮೂಹದ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಸಹಯೋಗದಲ್ಲಿ ಜಮ್ಶೆಡ್‌ಪುರದಿಂದ ಡೀಸೆಲ್ ಲಾರಿಗಳನ್ನು ಹೊರತಂದಾಗ. ಡೀಸೆಲ್ ಎಂಜಿನ್ನಿನಲ್ಲಿ ಒತ್ತಡಕ್ಕೆ ಸಿಕ್ಕಿ ಕಾದ ಗಾಳಿಯೇ ಇಂಧನವನ್ನು ಹೊತ್ತಿಸುವುದರಿಂದ ಪ್ಲಗ್ ಬೇಡ, ವೈರ್ ಬೇಡ, ಪಾಯಿಂಟಿಗೆ ಉಪ್ಪುಕಾಗದ ಉಜ್ಜುವ ಕೆಲಸವೂ ಇಲ್ಲ. ಪುಣೆ ಆ ಹೊತ್ತಿಗಾಗಲೇ ಡೀಸೆಲ್ ಊರಾಗಿತ್ತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮ ಸಮೂಹಕ್ಕೆ ಸೇರಿದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಆರಂಭವಾಗಿ ಖಡ್ಕಿಯಲ್ಲಿ ಬೆಳೆಯಿತು. ಟೆಲ್ಕೊ ಕೂಡ 1960ರ ದಶಕದಲ್ಲಿ ಪಿಂಪ್ರಿ-ಚಿಂಚವಾಡಕ್ಕೆ ಬಂತು.

ಬೆಂಗಳೂರಿನ ಆಡುಗೋಡಿಯ ಮೈಕೊ ಈ ಕಥೆಯ ಎರಡೂ ಬದಿಯಲ್ಲಿದೆ. ಬಾಷ್ ಸಹಯೋಗದಲ್ಲಿ 1951ರಲ್ಲಿ ಸ್ಥಾಪನೆಯಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಸ್ಪಾರ್ಕ್ ಪ್ಲಗ್ಗನ್ನೂ ತಯಾರಿಸಿತು, ಲಾರಿಯಿಂದ ಆ ಪ್ಲಗ್ಗನ್ನೇ ಓಡಿಸಿದ ಡೀಸೆಲ್ ಪಂಪು, ನಾಝಲ್‌ಗಳನ್ನೂ ತಯಾರಿಸಿತು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾದರೂ ಅಂಗಡಿಗೆ ಹೋಗಿ ‘ಮೈಕೊ ಪ್ಲಗ್ ಕೊಡಿ’ ಎನ್ನುವವರು ಇಂದಿಗೂ ಇದ್ದಾರೆ.

ಲಾರಿಯಿಂದ ಹೊರಬಿದ್ದ ಪ್ಲಗ್ ಪುಣೆಯಲ್ಲಿ ಚಿಕ್ಕ ವಾಹನಗಳಲ್ಲಿ ನೆಲೆ ಕಂಡುಕೊಂಡಿತು. ಬಜಾಜ್ ಟೆಂಪೊ 1958ರಲ್ಲಿ ಸ್ಥಾಪನೆಯಾಗಿ, ಮುಂದೆ ಆಕುರ್ಡಿಯಲ್ಲಿ ನೆಲೆಯೂರಿತು. ಅದರ ಮೂರು ಚಕ್ರದ ಹನ್ಸಿಯಾಟ್ ಗಾಡಿ ಪೆಟ್ರೋಲಿನ ಎರಡು ಸ್ಟ್ರೋಕ್ ಎಂಜಿನ್ನಿನದು. ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಡುವ ಇಂಥ ಎಂಜಿನ್ನಿನಲ್ಲಿ ಪ್ಲಗ್ ಬೇಗ ಕಪ್ಪುಗಟ್ಟುತ್ತದೆ. ಬಜಾಜ್ ಸ್ಕೂಟರ್, ಆಟೊ ಇಟ್ಟುಕೊಂಡವರಿಗೆಲ್ಲ ಪ್ಲಗ್ ಬಿಚ್ಚಿ ಉಜ್ಜಿ ಹಾಕುವುದು ರೂಢಿಯ ಕೆಲಸವಾಗಿತ್ತು. ವಿಪರ್ಯಾಸವೆಂದರೆ ಅದೇ ಬಜಾಜ್ ಟೆಂಪೊದ ಮಟಡೋರ್ ವ್ಯಾನಿನ ಮರ್ಸಿಡಿಸ್ ಮೂಲದ ಡೀಸೆಲ್ ಎಂಜಿನ್ ಮುಂದೆ ಹಳೆಯ ಜೀಪು, ಅಂಬಾಸಿಡರುಗಳಿಗೂ ಏರಿತು. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲ್ ದುಬಾರಿಯಾಗಿ, ಎಂಜಿನ್ನನ್ನೇ ಬದಲಿಸುವುದು ಗ್ಯಾರೇಜುಗಳ ದೊಡ್ಡ ಕಸುಬಾಯಿತು.

ದೊಡ್ಡ ಗಾಡಿಗಳಲ್ಲಿ ಪೆಟ್ರೋಲ್ ಬಿಡದೆ ಉಳಿದದ್ದು ಸೇನೆಯ ಕೆಲವು ಗಾಡಿಗಳು. ನಿಸ್ಸಾನ್ ಸಹಯೋಗದಲ್ಲಿ ಜಬಲ್ಪುರದಲ್ಲಿ ತಯಾರಾದ ಒಂದು ಟನ್ ಟ್ರಕ್ ಮತ್ತು ಜೀಪಿನಂಥ ಜೊಂಗಾ ಸೇನೆಯ ನೆಲೆಗಳಲ್ಲಿ ಬಹಳ ಕಾಲ ಓಡಿದವು. ಜೊಂಗಾದ್ದು 3,956 ಸಿಸಿಯ ಆರು ಸಿಲಿಂಡರ್ ಪೆಟ್ರೋಲ್ ಎಂಜಿನ್. ಸೇನೆ ವಿಲೇವಾರಿ ಮಾಡಿದ ಇಂಥ ಗಾಡಿಗಳು ಹರಾಜಿನ ಮೂಲಕ ಖಾಸಗಿಯವರ ಕೈಗೂ ಬಂದಿವೆ. ಹಳೆಯ ಗಾಡಿಯ ಪ್ಲಗ್-ವೈರ್ ಬದಲಿಸುವ ವಿದ್ಯೆ ಪೂರ್ಣರೂಪದಲ್ಲಿ ಉಳಿದಿರುವುದು ಇವನ್ನು ಸಾಕುವವರ ಬಳಿ.

ಈ ಕೆಲಸದ ಕ್ರಮ ಹೀಗೆ. ಎಂಜಿನ್ ತಣ್ಣಗಿರಬೇಕು. ಆರೂ ವೈರುಗಳನ್ನು ಒಮ್ಮೆಲೇ ಕೀಳದೆ ಒಂದೊಂದಾಗಿ ಬದಲಿಸಬೇಕು. ಇಂಥ ಎಂಜಿನ್ನಿನಲ್ಲಿ ಕಿಡಿ 1-5-3-6-2-4ರ ಸರದಿಯಲ್ಲಿ ಹಾರುತ್ತದೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಎರಡು ವೈರ್ ಅದಲುಬದಲಾದರೂ ಎಂಜಿನ್ ಕೆಮ್ಮುತ್ತದೆ. ಹಳೆಯ ವೈರುಗಳ ಒಳಗೆ ತಾಮ್ರದ ತಂತಿ ಇರುತ್ತಿತ್ತು; ರೇಡಿಯೊದ ಗರಗರ ತಡೆಯಲು ಮುಂದೆ ಇಂಗಾಲ ಸೇರಿಸಿದ ನೂಲಿನ ವೈರ್ ಬಂತು. ಅದನ್ನು ವೈರ್ ಹಿಡಿದು ಎಳೆದರೆ ಒಳಗೇ ತುಂಡಾಗುತ್ತದೆ, ಹೊರಗೆ ಏನೂ ಕಾಣದು. ಹಾಗಾಗಿ ರಬ್ಬರಿನ ಕ್ಯಾಪ್ ಹಿಡಿದೇ ಕೀಳಬೇಕು. ಪ್ಲಗ್ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯದಿದ್ದರೆ ಅದು ನೇರ ಸಿಲಿಂಡರಿಗೆ ಬೀಳುತ್ತದೆ. ಹೊಸ ಪ್ಲಗ್‌ನ ಗ್ಯಾಪನ್ನು ಫೀಲರ್ ಗೇಜಿನಲ್ಲಿ ನೋಡಿ (ಪಾಯಿಂಟಿನ ಇಗ್ನಿಷನ್ನಿಗೆ ಸಾಮಾನ್ಯವಾಗಿ 0.6–0.8 ಮಿ.ಮೀ.) ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಬೇಕು, ಕೊನೆಗೆ ಸ್ಪ್ಯಾನರ್. ಅವಸರಕ್ಕೆ ಮೊದಲೇ ಸ್ಪ್ಯಾನರ್ ಹಾಕಿ ಹೆಡ್ಡಿನ ಥ್ರೆಡ್ ಹಾಳುಮಾಡುವುದು ಈ ಕೆಲಸದ ಅತಿ ದುಬಾರಿ ತಪ್ಪು.

ಬಿಚ್ಚಿದ ಪ್ಲಗ್ಗನ್ನು ಬಿಸಾಡುವ ಮೊದಲು ಅದರ ಬಣ್ಣ ನೋಡಬೇಕು. ತಿಳಿಗಂದು ಇದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ, ಆಯಿಲ್ ಒಸರಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವಿನ ಬದಿ ಸವೆದಿದೆ, ಬೆಳ್ಳಗೆ ಸುಟ್ಟಿದ್ದರೆ ಪ್ಲಗ್ ಮಿತಿಮೀರಿ ಕಾಯುತ್ತಿದೆ. ಪೆಟ್ರೋಲಿಗೆ ಸೀಸ ಬೆರೆಸುತ್ತಿದ್ದ ಕಾಲದಲ್ಲಿ ಅದರ ಪದರವೂ ಕೂರುತ್ತಿತ್ತು. 2000ದಲ್ಲಿ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂದ ಮೇಲೆ ಆ ಕಾಟ ತಪ್ಪಿತು.

ಪ್ಲಗ್ ಬದಲಿಸಿ ವೈರ್ ಹಾಗೇ ಬಿಡುವುದು ನಮ್ಮ ಕಡೆಯ ಹಳೆಯ ಚಾಳಿ. ಅದು ದುಡ್ಡು ಉಳಿಸುವ ದಾರಿಯಂತೂ ಅಲ್ಲ. ಎಲೆಕ್ಟ್ರೋಡ್ ಸವೆದು ಗ್ಯಾಪ್ ಹಿಗ್ಗಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಆ ಒತ್ತಡವನ್ನು ತಾಳಲಾರದೆ ಬಿರುಕುಬಿಟ್ಟ ವೈರ್ ಹತ್ತಿರದ ಕಬ್ಬಿಣಕ್ಕೆ ಕರೆಂಟ್ ಸೋರಿಸುತ್ತದೆ. ಕತ್ತಲಲ್ಲಿ ಬಾನೆಟ್ ತೆರೆದರೆ ನೀಲಿ ಕಿಡಿ ಕಣ್ಣಿಗೇ ಕಾಣುವುದುಂಟು. ಮಳೆಗಾಲದ ತೇವಕ್ಕೆ ಇದು ಇನ್ನಷ್ಟು ಹೆಚ್ಚು. ಎಂಜಿನ್ ಮೇಲೆ ಭಾರ ಬಿದ್ದಾಗ ಸಿಲಿಂಡರಿನೊಳಗಿನ ಒತ್ತಡವೂ ಏರುವುದರಿಂದ, ಸಪಾಟು ರಸ್ತೆಯಲ್ಲಿ ಚೆನ್ನಾಗಿ ಓಡಿದ ಗಾಡಿ ಕಾತ್ರಜ್ ಅಥವಾ ಖಂಬಾಟ್ಕಿ ಘಾಟ್ ಹತ್ತುವಾಗ ಮಿಸ್ ಹೊಡೆಯುತ್ತದೆ.

ಪ್ಲಗ್ ಬದಲಾವಣೆಗೆ ಕಾನೂನಿನ ಒತ್ತಾಸೆ ಸಿಕ್ಕಿದ್ದು ವಾಹನದ ಹೊಗೆಗೆ ಮಿತಿ ಹಾಕಿದ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ. ಮಿಸ್ ಹೊಡೆಯುವ ಸಿಲಿಂಡರಿನಿಂದ ಸುಡದ ಪೆಟ್ರೋಲ್ ಹಾಗೇ ಸೈಲೆನ್ಸರಿಗೆ ಹೋಗುತ್ತದೆ, ಹೊಗೆ ತಪಾಸಣೆಯಲ್ಲಿ ಹೈಡ್ರೋಕಾರ್ಬನ್ ಪ್ರಮಾಣ ಏರುತ್ತದೆ. ವಾಹನಗಳ ಹೊಗೆಯನ್ನು ಪ್ರಯೋಗಾಲಯದಲ್ಲಿ ಅಳೆದು ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ 1966ರಿಂದ ಇರುವುದೂ ಪುಣೆಯಲ್ಲೇ.

ಪ್ಲಗ್ ಸರಕು ಗಾಡಿಗೆ ಮರಳಿದ್ದು ಸಿಎನ್‌ಜಿಯಿಂದ. ದೆಹಲಿಯ ಬಸ್ಸುಗಳನ್ನು ಸಿಎನ್‌ಜಿಗೆ ಬದಲಿಸಲು ಸುಪ್ರೀಂ ಕೋರ್ಟ್ 1998ರಲ್ಲಿ ಆದೇಶಿಸಿದ ಮೇಲೆ ಈ ಇಂಧನ ಬೇರೆ ನಗರಗಳಿಗೂ ಹರಡಿತು. ಪುಣೆಯ ನಗರ ಬಸ್ಸುಗಳಿಗೂ ಬಂತು. ಪುಣೆಯಲ್ಲಿ ರೂಪುಗೊಂಡು 2005ರಲ್ಲಿ ಡೀಸೆಲ್ ಗಾಡಿಯಾಗಿ ಬಂದ ಟಾಟಾ ಏಸ್, ಜನರ ಬಾಯಲ್ಲಿ ಛೋಟಾ ಹಾಥಿ, ಮುಂದೆ ಸಿಎನ್‌ಜಿ ಮತ್ತು ಪೆಟ್ರೋಲ್ ರೂಪಗಳನ್ನೂ ಪಡೆಯಿತು. ಎರಡೇ ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪ್ಲಗ್ ಕೈಕೊಟ್ಟರೆ ಅರ್ಧ ಶಕ್ತಿಯೇ ಹೋದಂತೆ. ಗ್ಯಾಸಿನಲ್ಲಿ ಪ್ಲಗ್ ಸ್ವಚ್ಛವಾಗಿ ಉಳಿಯುತ್ತದೆ, ಆದರೆ ಅದನ್ನು ಹೊತ್ತಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕಾದ್ದರಿಂದ ಎಲೆಕ್ಟ್ರೋಡ್ ಬೇಗ ಸವೆಯುತ್ತದೆ. ಪೆಟ್ರೋಲಿಗೆ ಹಾಕಿದಾಗ ಸರಾಗವಾಗಿ ಓಡಿ, ಗ್ಯಾಸಿಗೆ ತಿರುಗಿಸಿದ ಕೂಡಲೇ ಮುಗ್ಗರಿಸುವ ಗಾಡಿಯಲ್ಲಿ ಅನುಭವಿ ಮೆಕ್ಯಾನಿಕ್ ಮೊದಲು ಕೈಹಾಕುವುದು ಪ್ಲಗ್ ಮತ್ತು ವೈರಿಗೆ. ಪ್ರತಿ ಪ್ಲಗ್‌ನ ತಲೆಯ ಮೇಲೇ ಒಂದು ಕಾಯಿಲ್ ಕೂರುವ ಹೊಸ ಎಂಜಿನ್ನುಗಳಲ್ಲಿ ಉದ್ದ ವೈರ್ ಇಲ್ಲ. ಹಳೆಯ ಗಾಡಿಗಳವರು ಅದನ್ನು ಹುಡುಕಿಕೊಂಡು ಪುಣೆಯ ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳಿಗೆ ಹೋಗುತ್ತಾರೆ.