ಸೊಳ್ಳೆ ಪರದೆ: ಗ್ರಾಮೀಣ ಕುಟುಂಬಗಳು ಪಡೆಯುವ ಮತ್ತು ಬಳಸುವ ಕ್ರಮ (ಕಿಕ್ಕೇರಿ ಹೋಬಳಿ, ಕೃಷ್ಣರಾಜಪೇಟೆ ತಾಲ್ಲೂಕು)

1. ಪೀಠಿಕೆ

ಮಲೇರಿಯಾ ರೋಗವು ಸೋಂಕು ಹೊಂದಿದ ಹೆಣ್ಣು ಅನಾಫಿಲಿಸ್ ಸೊಳ್ಳೆಯ ಕಡಿತದಿಂದ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ. ಈ ಸೊಳ್ಳೆಯು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುತ್ತದೆ. ಆದುದರಿಂದ ಮಲಗುವ ವೇಳೆಯಲ್ಲಿ ಸೊಳ್ಳೆ ಪರದೆಯನ್ನು ಬಳಸುವುದು ಕುಟುಂಬವೊಂದು ತಾನಾಗಿಯೇ ಕೈಗೊಳ್ಳಬಹುದಾದ ಅತ್ಯಂತ ಸುಲಭವಾದ ಮುಂಜಾಗ್ರತಾ ಕ್ರಮವಾಗಿದೆ. ಆದರೆ ಮನೆಯಲ್ಲಿ ಪರದೆ ಇರುವುದು ಬೇರೆ, ಮನೆಯವರೆಲ್ಲರೂ ಪ್ರತಿ ರಾತ್ರಿ ಅದರೊಳಗೆ ಮಲಗುವುದು ಬೇರೆ. ಪೆಟ್ಟಿಗೆಯಲ್ಲಿ ಮಡಿಸಿಟ್ಟ ಪರದೆಯಿಂದ ಯಾವ ರಕ್ಷಣೆಯೂ ದೊರೆಯುವುದಿಲ್ಲ. ಸರ್ಕಾರದಿಂದ ಪರದೆಯು ಯಾರಿಗೆ ದೊರೆಯುತ್ತದೆ, ದೊರೆಯದಿದ್ದಲ್ಲಿ ಏನು ಮಾಡಬೇಕು ಹಾಗೂ ಪರದೆಯನ್ನು ಹೇಗೆ ಬಳಸಬೇಕು ಎಂಬ ವಿವರಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

2. ಹಿನ್ನೆಲೆ

ಕಾವೇರಿ ಮತ್ತು ಹೇಮಾವತಿ ನದಿಗಳ ಈ ಸೀಮೆಗೆ ಚಳಿಜ್ವರವು ಹೊಸದಲ್ಲ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಯು ಜ್ವರದ ಹಾವಳಿಯನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಗಿರಿ ಮತ್ತು ಮಂದಗೆರೆ ಅಣೆಕಟ್ಟೆಗಳ ನಾಲೆಗಳು, ಕೆರೆಗಳು, ಬಾವಿಗಳು, ಭತ್ತ ಮತ್ತು ಕಬ್ಬಿನ ಗದ್ದೆಗಳು ಜನರ ಜೀವನಾಧಾರವಾಗಿವೆ. ನಾಲೆಯ ಸೋರಿಕೆಯಿಂದ ನಿಂತ ನೀರು, ಬಳಸದ ಬಾವಿ ಮತ್ತು ಗದ್ದೆಯ ಬದಿಯ ಗುಂಡಿಗಳು ಸೊಳ್ಳೆಗಳಿಗೂ ಆಶ್ರಯ ನೀಡುತ್ತವೆ.

ಬಯಲುಸೀಮೆಯ ಹಳ್ಳಿಗಳಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಯೆಂದರೆ ಅನಾಫಿಲಿಸ್ ಕ್ಯೂಲಿಸಿಫೇಸಿಸ್. ಇದು ಹಗಲಿನಲ್ಲಿ ದನದ ಕೊಟ್ಟಿಗೆ ಮತ್ತು ಮನೆಯ ಕತ್ತಲೆಯ ಮೂಲೆಗಳಲ್ಲಿ ವಿಶ್ರಮಿಸುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಿ ಹೊರಬರಲು ಸಾಮಾನ್ಯವಾಗಿ 8ರಿಂದ 10 ದಿನಗಳು ಸಾಕು. ವಾರಕ್ಕೊಮ್ಮೆ ತೊಟ್ಟಿ, ಹಂಡೆ, ಡ್ರಮ್ಮುಗಳನ್ನು ಬರಿದು ಮಾಡಿ ಉಜ್ಜಿ ತೊಳೆದು ಒಣಗಿಸಬೇಕೆಂದು ಸೂಚಿಸುವುದು ಈ ಕಾರಣದಿಂದಲೇ.

ಭಾರತದಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವು 1953ರಲ್ಲಿ ಆರಂಭಗೊಂಡು, 1958ರಲ್ಲಿ ನಿರ್ಮೂಲನಾ ಕಾರ್ಯಕ್ರಮವಾಗಿ ಮಾರ್ಪಟ್ಟಿತು. 1960ರ ದಶಕದಲ್ಲಿ ಬಹಳಷ್ಟು ಇಳಿದಿದ್ದ ರೋಗವು 1970ರ ದಶಕದಲ್ಲಿ ಮತ್ತೆ ಏರಿತು. ಪ್ರಕರಣಗಳು ಕಡಿಮೆಯಾದ ಮಾತ್ರಕ್ಕೆ ಎಚ್ಚರ ತಪ್ಪಬಾರದೆಂಬುದಕ್ಕೆ ಇದೇ ನಿದರ್ಶನ. 2030ರ ವೇಳೆಗೆ ದೇಶವನ್ನು ಮಲೇರಿಯಾಮುಕ್ತಗೊಳಿಸುವ ಗುರಿಯನ್ನು ಈಗ ಹೊಂದಲಾಗಿದೆ.

3. ಸರ್ಕಾರದಿಂದ ಪರದೆ ಯಾರಿಗೆ ದೊರೆಯುತ್ತದೆ?

ದೀರ್ಘಕಾಲ ಬಾಳಿಕೆಯ ಕೀಟನಾಶಕ ಲೇಪಿತ ಪರದೆಗಳನ್ನು ರಾಷ್ಟ್ರೀಯ ಕಾರ್ಯಕ್ರಮದಡಿ 2009ರಿಂದ ಉಚಿತವಾಗಿ ವಿತರಿಸಲಾಗುತ್ತಿದೆ. ಈ ಬಗ್ಗೆ ಗಮನಿಸಬೇಕಾದ ಅಂಶಗಳು:

ಅ) ವಿತರಣೆಯು ವೈಯಕ್ತಿಕ ಅರ್ಜಿಯನ್ನು ಆಧರಿಸಿರುವುದಿಲ್ಲ. ವರ್ಷವೊಂದರಲ್ಲಿ ಪ್ರತಿ 1,000 ಜನಸಂಖ್ಯೆಗೆ ಒಂದು ಅಥವಾ ಅದಕ್ಕಿಂತ ಹೆಚ್ಚು ಮಲೇರಿಯಾ ಪ್ರಕರಣಗಳು ಕಂಡುಬರುವ ಪ್ರದೇಶಗಳಿಗೆ ಆದ್ಯತೆ ನೀಡಿ, ಮನೆಮನೆ ಸಮೀಕ್ಷೆ ನಡೆಸಿ ಹಂಚಲಾಗುತ್ತದೆ.

ಆ) ಪ್ರಕರಣಗಳು ಇದಕ್ಕಿಂತ ಕಡಿಮೆ ಇರುವ ಗ್ರಾಮಗಳಲ್ಲಿ ಎಲ್ಲ ಮನೆಗಳಿಗೂ ಉಚಿತ ಪರದೆ ದೊರೆಯುವುದೆಂದು ನಿರೀಕ್ಷಿಸುವಂತಿಲ್ಲ. ಅಂತಹ ಕುಟುಂಬಗಳು ಕಾಯುತ್ತಾ ಕುಳಿತುಕೊಳ್ಳದೆ ಸ್ವಂತ ಖರ್ಚಿನಲ್ಲಿ ಪರದೆ ಕೊಳ್ಳುವುದು ಸೂಕ್ತ.

ಇ) ಸರ್ಕಾರಿ ಪರದೆಗೆ ಯಾವುದೇ ಶುಲ್ಕವಿಲ್ಲ. ಪರದೆ ಕೊಡಿಸುವುದಾಗಿ ಹೇಳಿ ಹಣ ಕೇಳುವ ಮಧ್ಯವರ್ತಿಗಳಿಗೆ ಹಣ ನೀಡಬಾರದು.

ಈ) ಗ್ರಾಮದಲ್ಲಿ ಜ್ವರದ ಪ್ರಕರಣಗಳು ಒಮ್ಮೆಲೇ ಹೆಚ್ಚಿದಲ್ಲಿ ಗ್ರಾಮ ಪಂಚಾಯಿತಿ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬಹುದು.

ಪರದೆ ದೊರೆಯಲಿ, ದೊರೆಯದಿರಲಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಮಲೇರಿಯಾ ರಕ್ತ ಪರೀಕ್ಷೆ ಮತ್ತು ಔಷಧಿಯನ್ನು ಎಲ್ಲರಿಗೂ ಉಚಿತವಾಗಿ ಒದಗಿಸಲಾಗುತ್ತದೆ.

4. ಎಷ್ಟು ಪರದೆಗಳು ಬೇಕು?

ಇಬ್ಬರಿಗೆ ಒಂದು ಪರದೆ ಎಂಬುದು ಸಾಮಾನ್ಯ ಲೆಕ್ಕ. ಅದರಂತೆ ಐದು ಜನರ ಕುಟುಂಬಕ್ಕೆ ಮೂರು ಪರದೆಗಳು ಬೇಕಾಗುತ್ತವೆ. ಆದರೆ ಕೊಳ್ಳುವ ಮುನ್ನ ಮನೆಯಲ್ಲಿ ಜನರ ಸಂಖ್ಯೆಯ ಜೊತೆಗೆ ಮಲಗುವ ಜಾಗಗಳನ್ನೂ ಎಣಿಸಬೇಕು. ದಂಪತಿಗಳು ಮತ್ತು ಮಗು ನಡುಮನೆಯಲ್ಲಿ, ಅಜ್ಜಿ ಒಳಕೋಣೆಯಲ್ಲಿ, ಅಜ್ಜ ಜಗುಲಿಯಲ್ಲಿ ಮಲಗುವ ಮನೆಯಲ್ಲಿ ಎರಡು ಪರದೆಗಳಿದ್ದರೆ ಒಬ್ಬರು ಹೊರಗುಳಿಯುತ್ತಾರೆ. ಸಾಮಾನ್ಯವಾಗಿ ಹಾಗೆ ಹೊರಗುಳಿಯುವವರು ಹಿರಿಯರೇ ಆಗಿರುತ್ತಾರೆ.

ಪರದೆಗಳು ಸಾಲದಿದ್ದಲ್ಲಿ ಗರ್ಭಿಣಿಯರು ಮತ್ತು ಐದು ವರ್ಷದೊಳಗಿನ ಮಕ್ಕಳಿಗೆ ಮೊದಲ ಆದ್ಯತೆ ನೀಡಬೇಕು. ಗರ್ಭಿಣಿಯರಲ್ಲಿ ಮಲೇರಿಯಾದಿಂದ ತೀವ್ರ ರಕ್ತಹೀನತೆ, ಗರ್ಭಪಾತ ಹಾಗೂ ಕಡಿಮೆ ತೂಕದ ಶಿಶುವಿನ ಜನನ ಸಂಭವಿಸಬಹುದು. ಮನೆಯಲ್ಲಿ ಯಾರಿಗಾದರೂ ಜ್ವರವಿದ್ದಲ್ಲಿ ಅವರನ್ನೂ ಪರದೆಯೊಳಗೆ ಮಲಗಿಸಬೇಕು. ರೋಗಿಯನ್ನು ಕಚ್ಚಿದ ಸೊಳ್ಳೆಯೇ ಮುಂದೆ ಇತರರಿಗೆ ರೋಗವನ್ನು ಒಯ್ಯುತ್ತದೆ.

5. ಬಳಸುವ ಕ್ರಮ

• ಹೊಸ ಲೇಪಿತ ಪರದೆಯನ್ನು ಬಳಸುವ ಮೊದಲು ಒಂದು ದಿನ ನೆರಳಿನಲ್ಲಿ ಹರಡಿ ಗಾಳಿಗೆ ಬಿಡಬೇಕು.
• ಕತ್ತಲಾಗುವ ಮೊದಲೇ ಪರದೆ ಇಳಿಬಿಟ್ಟು, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಬೇಕು. ನೆಲದ ಮೇಲೆ ಮಲಗುವವರು ಚಾಪೆಯ ಕೆಳಗೆ ಸಿಕ್ಕಿಸಬೇಕು.
• ಕೈಕಾಲುಗಳು ಪರದೆಗೆ ತಾಗದಂತೆ ಅಗಲವಾದ ಪರದೆಯನ್ನು ಆರಿಸಬೇಕು. ಸಾಮಾನ್ಯ ಪರದೆಗೆ ಮೈ ತಾಗಿದ್ದರೆ ಸೊಳ್ಳೆಯು ಹೊರಗಿನಿಂದಲೇ ಕಚ್ಚಬಲ್ಲದು.
• ಬೇಸಿಗೆಯಲ್ಲಿ ಜಗುಲಿ ಅಥವಾ ತಾರಸಿಯ ಮೇಲೆ ಮಲಗುವಾಗಲೂ, ಹೊಲದ ಗುಡಿಸಲಿನಲ್ಲಿ ಕಾವಲಿರುವಾಗಲೂ ಪರದೆ ಬಳಸಬೇಕು.
• ರಾತ್ರಿ ವಿದ್ಯುತ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತರು ಮೈ ಮುಚ್ಚುವ ಉಡುಪು ಧರಿಸಬೇಕು.

ಭತ್ತದ ಗದ್ದೆಗಳಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆಗಳಿಂದ ಹರಡುವ ಮಿದುಳು ಜ್ವರದ ವಿರುದ್ಧವೂ ಪರದೆಯು ಸಹಕಾರಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುವುದರಿಂದ, ಹಗಲು ನಿದ್ರಿಸುವ ಶಿಶುಗಳಿಗೂ ಪರದೆ ಹೊದಿಸಬೇಕು.

6. ಒಗೆಯುವಿಕೆ ಮತ್ತು ದುರಸ್ತಿ

ಲೇಪಿತ ಪರದೆಯು ಸುಮಾರು 3 ವರ್ಷಗಳ ಬಳಕೆ ಅಥವಾ 20 ಒಗೆತಗಳವರೆಗೆ ಪರಿಣಾಮಕಾರಿಯಾಗಿರುತ್ತದೆ. ಇದನ್ನು ತಣ್ಣೀರು ಮತ್ತು ಸೌಮ್ಯ ಸಾಬೂನಿನಿಂದ ಒಗೆಯಬೇಕು. ಕಲ್ಲಿಗೆ ಬಡಿಯಬಾರದು, ಬ್ಲೀಚಿಂಗ್ ಪುಡಿ ಬಳಸಬಾರದು, ಬಿಸಿಲಿನಲ್ಲಿ ಒಣಗಿಸಬಾರದು. ಕೆರೆ, ನಾಲೆ ಅಥವಾ ಬಾವಿಯ ಬಳಿ ಒಗೆಯಕೂಡದು. ಲೇಪನದ ಕೀಟನಾಶಕವು ಮೀನುಗಳಿಗೆ ಮಾರಕವಾಗಿದ್ದು, ಸೊಳ್ಳೆಯ ಮರಿಗಳನ್ನು ತಿನ್ನುವ ಮೀನುಗಳೂ ಇದರಿಂದ ಸಾಯುತ್ತವೆ. ಪರದೆ ಹರಿದಲ್ಲಿ ಸೂಜಿದಾರದಿಂದ ಹೊಲಿದು ಬಳಸಬೇಕು. ಪರದೆಯನ್ನು ಮೀನು ಹಿಡಿಯಲು ಅಥವಾ ತರಕಾರಿ ಮಡಿಗೆ ಹೊದಿಸಲು ಬಳಸಬಾರದು.

7. ರೇಷ್ಮೆ ಬೆಳೆಗಾರರ ಗಮನಕ್ಕೆ

ಪರದೆಯ ಲೇಪನದಲ್ಲಿರುವ ಪೈರಿಥ್ರಾಯ್ಡ್ ವರ್ಗದ ಕೀಟನಾಶಕವು ರೇಷ್ಮೆ ಹುಳುಗಳಿಗೆ ವಿಷಕಾರಿ. ಹುಳು ಸಾಕುವ ಮನೆಯಲ್ಲಿ ಲೇಪಿತ ಪರದೆಯನ್ನು ಕಟ್ಟುವುದಾಗಲಿ, ಇಡುವುದಾಗಲಿ ಕೂಡದು. ಪರದೆ ಮುಟ್ಟಿದ ಕೈಗಳನ್ನು ಸಾಬೂನಿನಿಂದ ತೊಳೆಯದೆ ಸೊಪ್ಪು ಹಾಕಬಾರದು. ವಾಸದ ಮನೆಯಲ್ಲಿಯೇ ಹುಳು ಸಾಕುವವರು ಲೇಪನವಿಲ್ಲದ ಸಾಮಾನ್ಯ ಪರದೆಯನ್ನು ಬಳಸುವುದು ಕ್ಷೇಮ. ಊಜಿ ನೊಣದಿಂದ ಹುಳುಗಳನ್ನು ಕಾಪಾಡಲು ಕಿಟಕಿ ಬಾಗಿಲುಗಳಿಗೆ ಬಲೆ ಕಟ್ಟುವ ಬೆಳೆಗಾರರು, ತಮ್ಮ ಮಕ್ಕಳು ಮಲಗುವ ಕೋಣೆಗೂ ಅದೇ ಕಾಳಜಿ ವಹಿಸಬೇಕು. ಬಾವಿ ಮತ್ತು ತೊಟ್ಟಿಗಳಲ್ಲಿ ಗಪ್ಪಿ ಮೀನುಗಳನ್ನು ಬಿಡುವುದರಿಂದ ಹುಳುಗಳಿಗೆ ಹಾನಿಯಾಗದಂತೆ ಸೊಳ್ಳೆಯ ಮರಿಗಳನ್ನು ನಿಯಂತ್ರಿಸಬಹುದು.

8. ವಲಸೆ ಕಾರ್ಮಿಕರು

ಕಬ್ಬು ಕಟಾವು ಮತ್ತು ಇಟ್ಟಿಗೆ ಗೂಡುಗಳ ಕೆಲಸಕ್ಕೆ ಬೇರೆಡೆಯಿಂದ ಬಂದು ಗುಡಿಸಲುಗಳಲ್ಲಿ ತಂಗುವ ಕುಟುಂಬಗಳಿಗೆ ಸೊಳ್ಳೆಗಳಿಂದ ರಕ್ಷಣೆ ಕಡಿಮೆ. ಅವರಲ್ಲಿ ಯಾರಾದರೂ ರೋಗಪೀಡಿತ ಪ್ರದೇಶದಿಂದ ಸೋಂಕು ಹೊತ್ತು ಬಂದಿದ್ದಲ್ಲಿ ಸ್ಥಳೀಯ ಸೊಳ್ಳೆಗಳ ಮೂಲಕ ಅದು ಊರಿಗೆ ಹರಡಬಹುದು. ಕೆಲಸಕ್ಕೆ ಕರೆತಂದ ಮಾಲೀಕರು ಮತ್ತು ಮೇಸ್ತ್ರಿಗಳು ಇವರ ಆಗಮನವನ್ನು ಆಶಾ ಕಾರ್ಯಕರ್ತೆಗೆ ತಿಳಿಸಿ ರಕ್ತ ಪರೀಕ್ಷೆಗೆ ಅನುವು ಮಾಡಿಕೊಡಬೇಕು ಹಾಗೂ ಪರದೆಗಳನ್ನು ಒದಗಿಸಬೇಕು.

9. ಜ್ವರ ಬಂದಲ್ಲಿ

ಪರದೆ ಬಳಸುವವರಿಗೂ ಮಲೇರಿಯಾ ಬರುವ ಸಾಧ್ಯತೆ ಪೂರ್ಣವಾಗಿ ಇಲ್ಲವಾಗುವುದಿಲ್ಲ. ಚಳಿ, ನಡುಕ, ಜ್ವರ, ಬೆವರು, ತಲೆನೋವು ಕಂಡುಬಂದಲ್ಲಿ ಅಂದೇ ರಕ್ತ ಪರೀಕ್ಷೆ ಮಾಡಿಸಬೇಕು. ಫಾಲ್ಸಿಪಾರಂ ಮಲೇರಿಯಾದಲ್ಲಿ ಚಿಕಿತ್ಸೆ ತಡವಾದರೆ ಪ್ರಾಣಾಪಾಯವಿದೆ. ವೈವಾಕ್ಸ್ ಮಲೇರಿಯಾಕ್ಕೆ 3 ದಿನಗಳ ಕ್ಲೋರೋಕ್ವಿನ್ ಜೊತೆಗೆ 14 ದಿನಗಳ ಪ್ರೈಮಾಕ್ವಿನ್ ನೀಡಲಾಗುತ್ತದೆ. ಜ್ವರ ಇಳಿಯಿತೆಂದು ಮಾತ್ರೆಗಳನ್ನು ನಡುವೆ ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿದ ರೋಗಾಣುಗಳಿಂದ ಜ್ವರವು ಮರುಕಳಿಸಬಹುದು. ಗರ್ಭಿಣಿಯರಿಗೆ ಮತ್ತು ಒಂದು ವರ್ಷದೊಳಗಿನ ಶಿಶುಗಳಿಗೆ ಪ್ರೈಮಾಕ್ವಿನ್ ನೀಡುವಂತಿಲ್ಲವಾದ್ದರಿಂದ ವೈದ್ಯರ ಸಲಹೆಯಿಲ್ಲದೆ ಯಾವ ಮಾತ್ರೆಯನ್ನೂ ಸೇವಿಸಬಾರದು.

10. ಸಂಪರ್ಕಿಸಬೇಕಾದವರು

ಗ್ರಾಮ ಮಟ್ಟದಲ್ಲಿ ಆಶಾ ಕಾರ್ಯಕರ್ತೆ; ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆರೋಗ್ಯ ಸಿಬ್ಬಂದಿ ಹಾಗೂ ವೈದ್ಯಾಧಿಕಾರಿಗಳು; ಕೃಷ್ಣರಾಜಪೇಟೆಯಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿಗಳು; ಮಂಡ್ಯದಲ್ಲಿ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳು. ಸಾರ್ವಜನಿಕರು ಪರದೆಗಳನ್ನು ಮಳೆಗಾಲಕ್ಕೆ ಮಾತ್ರ ಸೀಮಿತಗೊಳಿಸದೆ, ನಾಲೆಗಳಲ್ಲಿ ನೀರು ಹರಿಯುವ ದಿನಗಳೂ ಸೇರಿದಂತೆ ವರ್ಷವಿಡೀ, ಮನೆಯ ಪ್ರತಿಯೊಬ್ಬರಿಗೂ ಬಳಸುವಂತೆ ಕೋರಲಾಗಿದೆ.