ಕಾವನತಂಗ

ಇಂಗ್ಲಿಷಿನ ‘ಗವರ್ನರ್’ ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೋರಿಗಳ ಬಾಯಲ್ಲಿ ‘ಕಾವನ’ ಆಯಿತು. ಅವರ ನುಡಿಯಲ್ಲಿ ಯಾವ ಪದವೂ ವ್ಯಂಜನದಲ್ಲಿ ಮುಗಿಯುವುದಿಲ್ಲ. ಜಾರ್ಜ್ ಅಲ್ಲಿ ‘ಹೋರಿ’, ವಿಲಿಯಂ ‘ವಿರೆಮು’, ರಾಣಿ ವಿಕ್ಟೋರಿಯಾ ‘ವಿಕಿತೋರಿಯಾ’. ನಮ್ಮವರು ಕಂಪನಿಯನ್ನು ಕುಂಪಣಿ ಮಾಡಿಕೊಂಡಂತೆಯೇ ಇದೂ. ‘ಕಾವನ’ಕ್ಕೆ ‘ತಂಗ’ ಎಂಬ ಪ್ರತ್ಯಯ ಹತ್ತಿದರೆ ‘ಕಾವನತಂಗ’. ಯಜಮಾನನಿಂದ ಯಜಮಾನಿಕೆ ಬಂದ ಹಾಗೆ, ಗವರ್ನರನಿಂದ ಗವರ್ನರಿಕೆ. ಈ ಹೊಸ ಪದವನ್ನು ಮುಂದಿಟ್ಟುಕೊಂಡೇ ಬ್ರಿಟಿಷರು ನ್ಯೂಜಿಲೆಂಡ್ ತಮ್ಮದೆಂದರು.

ಕಾವನ ಎಂದರೆ ಮಾವೋರಿಗಳ ಕಣ್ಣಮುಂದೆ ಯಾರು ಬರುತ್ತಿದ್ದರು? ಒಬ್ಬ, ಕಡಲಾಚೆಯ ಸಿಡ್ನಿಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1805ರಲ್ಲಿ ಬೇ ಆಫ್ ಐಲೆಂಡ್ಸ್‌ನ ಮುಖಂಡ ತೆ ಪಾಹಿ ಮಕ್ಕಳ ಜೊತೆ ಅಲ್ಲಿಗೆ ಹೋಗಿ ಗವರ್ನರ್ ಕಿಂಗ್‌ನ ಅತಿಥಿಯಾಗಿದ್ದ. ಉಡುಗೊರೆಯಾಗಿ ಬೆಳ್ಳಿಯ ಪದಕ ಪಡೆದು ಮರಳಿದ. ಇನ್ನೊಬ್ಬ ಕಾವನ ಬಂದದ್ದು ಬೈಬಲ್ಲಿನಿಂದ. ಕನ್ನಡ ಬೈಬಲ್ಲಿನಲ್ಲಿ ‘ದೇಶಾಧಿಪತಿ’ ಎನಿಸಿಕೊಂಡಿರುವ ಪಿಲಾತ ಮಾವೋರಿ ಬೈಬಲ್ಲಿನಲ್ಲಿ ಕಾವನ. ದೂರದ ದೊರೆಯೊಬ್ಬನ ಕೈಕೆಳಗೆ ನ್ಯಾಯ ನೋಡುವವನು. ಇಬ್ಬರೂ ಅಧಿಕಾರಿಗಳೇ ನಿಜ. ಆದರೆ ಒಬ್ಬ ಮಾವೋರಿ ಮುಖಂಡನ ನೆಲ, ನೀರು, ಜನ ತಮ್ಮದೆಂದು ಹೇಳುವ ಹಕ್ಕು ಅವರಿಗಿದೆ ಎಂದು ಯಾರೂ ಭಾವಿಸಿರಲಿಲ್ಲ.

1840ರ ಹೊತ್ತಿಗೆ ನ್ಯೂಜಿಲೆಂಡಿನಲ್ಲಿದ್ದ ಬಿಳಿಯರು ಸುಮಾರು 2,000. ತಿಮಿಂಗಿಲ ಬೇಟೆಯವರು, ಹಡಗು ಬಿಟ್ಟು ಓಡಿಬಂದ ನಾವಿಕರು, ಜಮೀನು ದಲ್ಲಾಳಿಗಳೆಲ್ಲ ಅವರಲ್ಲಿದ್ದರು. ಇವರಿಗೆ ಮೂಗುದಾರ ಹಾಕಲು ಇವರದೇ ಜನದ ಒಬ್ಬ ಕಾವನ ಬರಲಿ ಎಂದು ಕೆಲವು ಮುಖಂಡರು ಯೋಚಿಸಿದ್ದರೆ ಅದರಲ್ಲಿ ತಪ್ಪೇನೂ ಇಲ್ಲ. ಆಗ ರಾಣಿಯ ಪರವಾಗಿ, ಮುಖಂಡರೊಡನೆ ಒಪ್ಪಂದ ಮಾಡಿಕೊಳ್ಳಲು ಬಂದವನು ವಿಲಿಯಂ ಹಾಬ್ಸನ್. ಫೆಬ್ರವರಿ 4ರ ಸಂಜೆ ಒಪ್ಪಂದದ ಇಂಗ್ಲಿಷ್ ಕರಡು ಮಿಷನರಿ ಹೆನ್ರಿ ವಿಲಿಯಮ್ಸ್‌ನ ಕೈಗೆ ಬಂತು. ವಿಲಿಯಮ್ಸ್ ಮತ್ತು ಅವನ ಮಗ ಎಡ್ವರ್ಡ್ ರಾತ್ರಿ ಕಳೆಯುವುದರೊಳಗೆ ಅದನ್ನು ಮಾವೋರಿಗೆ ತಂದರು. ಇಂಗ್ಲಿಷಿನ ಮೊದಲ ಕಲಮಿನಲ್ಲಿ ಮುಖಂಡರು ರಾಣಿಗೆ ಬಿಟ್ಟುಕೊಡುವುದು ಸಾರ್ವಭೌಮತ್ವ. ಮಾವೋರಿಯಲ್ಲಿ ಅದೇ ಜಾಗದಲ್ಲಿರುವುದು ಕಾವನತಂಗ. ಎರಡನೆಯ ಕಲಮಿನಲ್ಲಿ, ನೆಲ, ಊರು ಮತ್ತು ಬೆಲೆಯುಳ್ಳ ಎಲ್ಲದರ ಮೇಲಿನ ‘ತಿನೊ ರಂಗತಿರತಂಗ’, ಅಂದರೆ ಮುಖಂಡನ ಪೂರ್ಣ ಒಡೆತನ, ಅವರಲ್ಲೇ ಉಳಿಯುತ್ತದೆಂಬ ಭರವಸೆ.

ಅವಸರದ ಅನುವಾದದಲ್ಲಿ ಆದ ತಪ್ಪು ಇದು ಎಂದು ಬಿಟ್ಟುಬಿಡಲು ನನಗೆ ಆಗುವುದಿಲ್ಲ. 1835ರಲ್ಲಿ ಉತ್ತರದ 34 ಮುಖಂಡರು ತಮ್ಮದು ಸ್ವತಂತ್ರ ದೇಶವೆಂದು ಸಾರಿ ಒಂದು ಘೋಷಣೆಗೆ ಗುರುತು ಹಾಕಿದ್ದರು. ಅದನ್ನು ಮಾವೋರಿಗೆ ತಂದವನೂ ಇದೇ ವಿಲಿಯಮ್ಸ್. ಅಲ್ಲಿ ಸರ್ವಾಧಿಕಾರ ಎನ್ನಲು ಅವನು ‘ಕಿಂಗಿತಂಗ’ ಎಂದೂ ನೆಲದ ಮೇಲಿನ ‘ಮನಾ’ ಎಂದೂ ಬರೆದಿದ್ದ. ಕಾವನತಂಗ ಎಂಬುದನ್ನು ಆಡಳಿತ ಕಾರ್ಯಕ್ಕಷ್ಟೇ ಬಳಸಿದ್ದ. ಎರಡಕ್ಕೂ ಇರುವ ಅಂತರ ಅವನಿಗೆ ಗೊತ್ತಿತ್ತು. ‘ನಿಮ್ಮ ಮನಾ ಕೊಡಿ’ ಎಂದು ಕೇಳಿದ್ದರೆ ಯಾವ ಮುಖಂಡನೂ ಕೊಡುತ್ತಿರಲಿಲ್ಲ. ಮನಾ ಎಂದರೆ ಹಿರಿಯರಿಂದ ಇಳಿದುಬಂದ ಶಕ್ತಿ, ಘನತೆ, ಅಧಿಕಾರ ಎಲ್ಲವೂ. ನಮ್ಮ ‘ಮಾನ’ಕ್ಕೂ ಅದಕ್ಕೂ ಬಳಗವಿಲ್ಲದಿದ್ದರೂ ಅದು ಹೋದರೆ ಆಗುವ ನಷ್ಟ ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ.

ಫೆಬ್ರವರಿ 5ರಂದು ವೈತಂಗಿಯಲ್ಲಿ ಹಾಯಿಬಟ್ಟೆಯ ಚಪ್ಪರದಡಿ ನಡೆದ ಚರ್ಚೆಯನ್ನು ಮುದ್ರಕ ವಿಲಿಯಂ ಕೊಲೆನ್ಸೊ ಬರೆದಿಟ್ಟಿದ್ದಾನೆ. ಮೊದಲು ಎದ್ದ ಮುಖಂಡ ತೆ ಕೆಮಾರ ನಿನ್ನ ದೇಶಕ್ಕೆ ಹೋಗು ಎಂದು ಹಾಬ್ಸನ್‌ಗೆ ಹೇಳಿದ. ನಾವಿಬ್ಬರೂ ಸಮಾನರಾಗಿರುವುದಾದರೆ ಸರಿ, ಕಾವನ ಮೇಲೆ ನಾನು ಕೆಳಗೆ ಎನ್ನುವುದಾದರೆ ಆಗದು ಎಂಬುದು ಅವನ ಮಾತಿನ ಸಾರ. ನನ್ನ ಜಮೀನೆಲ್ಲ ನಿನ್ನ ಹತ್ತಿರ ಇದೆ ಎಂದು ವಿಲಿಯಮ್ಸ್‌ನನ್ನೇ ಬೆಟ್ಟು ಮಾಡಿದ. ಸಾವಿರಾರು ಎಕರೆ ಕೊಂಡಿದ್ದ ಅದೇ ವಿಲಿಯಮ್ಸ್ ಅಂದಿನ ದುಭಾಷಿ. ಮರುದಿನ ಸಹಿಗೆ ಮುಂಚೆ, ಇವರಿಗೆ ಇದು ಅರ್ಥವಾಗಿದೆಯೇ ಎಂದು ಕೊಲೆನ್ಸೊ ಕೇಳಿಯೇ ಕೇಳಿದ. ಹಾಬ್ಸನ್ ತನ್ನಿಂದಾದದ್ದನ್ನು ಮಾಡಿದ್ದೇನೆಂದು ಮಾತು ಮುಗಿಸಿದ. ತೆ ಕೆಮಾರ ಕೂಡ ಗುರುತು ಹಾಕಿದ. ಮುಂದಿನ ತಿಂಗಳುಗಳಲ್ಲಿ ದೇಶದುದ್ದಕ್ಕೂ 500ಕ್ಕೂ ಹೆಚ್ಚು ಜನ ಒಪ್ಪಂದಕ್ಕೆ ಸೇರಿದರು. ಇಂಗ್ಲಿಷ್ ಪ್ರತಿಗೆ ಗುರುತು ಹಾಕಿದವರು 39 ಮಂದಿ ಮಾತ್ರ.

ಕೈತಾಯಾದಲ್ಲಿ ಮುಖಂಡ ನೋಪೆರ ಪನಕರೆಆವೊ, ನೆಲದ ನೆರಳು ರಾಣಿಗೆ ಹೋಗುತ್ತದೆ, ನೆಲ ನಮ್ಮಲ್ಲಿರುತ್ತದೆ ಎಂದು ತನ್ನವರನ್ನು ಒಪ್ಪಿಸಿದ. ಒಂದು ವರ್ಷದೊಳಗೆ ಅವನೇ ಆ ಮಾತನ್ನು ತಿರುವುಮುರುವು ಮಾಡಿ ಹೇಳಬೇಕಾಯಿತು. ವೈತಂಗಿಯಲ್ಲಿ ಮೊದಲು ಸಹಿ ಮಾಡಿದ ಹೋನೆ ಹೆಕೆ 1844ರಿಂದ ಕೊರೊರಾರೆಕದ ಬ್ರಿಟಿಷ್ ಧ್ವಜಸ್ತಂಭವನ್ನು ಮತ್ತೆಮತ್ತೆ ಕಡಿಸಿದ. ವೈಕತೊ ಸೀಮೆಯವರು 1858ರಲ್ಲಿ ತಮ್ಮದೇ ರಾಜನನ್ನು ಕೂರಿಸಿದರು. 1863ರಲ್ಲಿ ಅವರ ಮೇಲೆ ಗವರ್ನರ್ ಗ್ರೇ ಸೈನ್ಯ ನುಗ್ಗಿಸಿದ, ಸುಮಾರು 12 ಲಕ್ಷ ಎಕರೆ ಜಪ್ತಿಯಾಯಿತು. 1877ರಲ್ಲಿ ಮುಖ್ಯ ನ್ಯಾಯಮೂರ್ತಿ ಪ್ರೆಂಡರ್‌ಗಾಸ್ಟ್ ಒಪ್ಪಂದಕ್ಕೆ ಕಾನೂನಿನ ಬೆಲೆಯೇ ಇಲ್ಲವೆಂದ.

ಕಾವನತಂಗ ಈಗ ದಿನಬಳಕೆಯ ಪದ. ನ್ಯೂಜಿಲೆಂಡ್ ಸರ್ಕಾರ ಮಾವೋರಿಯಲ್ಲಿ ತನ್ನನ್ನು ಕರೆದುಕೊಳ್ಳುವುದೇ ‘ತೆ ಕಾವನತಂಗ ಒ ಆವೊಟೆಅರೊವ’ ಎಂದು. ಆದರೂ ಅದರ ಮೇಲಿನ ವ್ಯಾಜ್ಯ ಮುಗಿದಿಲ್ಲ. ಒಪ್ಪಂದದಲ್ಲಿ ಅದರ ಮುಂದೆ ‘ಕತೋಆ’, ಅಂದರೆ ‘ಪೂರಾ’, ಎಂದಿದೆಯಲ್ಲ ಎಂದು ಒಂದು ಪಕ್ಷ ವಾದಿಸುತ್ತದೆ. ಪೂರಾ ಗವರ್ನರಿಕೆಯಾದರೂ ಅದು ಗವರ್ನರಿಕೆಯೇ, ರಾಜತ್ವವಲ್ಲ ಎಂದೇ ನನಗನ್ನಿಸುತ್ತದೆ. 2014ರಲ್ಲಿ, ಒಪ್ಪಂದದ ದೂರುಗಳನ್ನು ವಿಚಾರಿಸುವ ವೈತಂಗಿ ನ್ಯಾಯಮಂಡಳಿಯೂ ಉತ್ತರದ ಮುಖಂಡರು 1840ರಲ್ಲಿ ಸಾರ್ವಭೌಮತ್ವ ಬಿಟ್ಟುಕೊಟ್ಟಿರಲಿಲ್ಲ ಎಂದಿತು. 2024ರಲ್ಲಿ ಒಪ್ಪಂದದ ತತ್ವಗಳನ್ನು ಹೊಸದಾಗಿ ವ್ಯಾಖ್ಯಾನಿಸಿ ಜನಮತಗಣನೆಗೆ ಹಾಕುವ ಮಸೂದೆ ಸಂಸತ್ತಿಗೆ ಬಂತು. ಇಬ್ಬರು ಕೂಡಿ ಮಾಡಿದ ಒಪ್ಪಂದದ ಅರ್ಥವನ್ನು ತಲೆ ಎಣಿಸಿ ತೀರ್ಮಾನಿಸುವುದು ಅನ್ಯಾಯ. ಮಾವೋರಿಗಳು ಇಂದು ದೇಶದ ಜನಸಂಖ್ಯೆಯ ಐದನೇ ಒಂದರ ಆಸುಪಾಸಿನಲ್ಲಿದ್ದಾರೆ. ಮಸೂದೆಯನ್ನು ವಿರೋಧಿಸಿ ಸಾವಿರಾರು ಜನ ರಾಜಧಾನಿ ವೆಲ್ಲಿಂಗ್ಟನ್‌ವರೆಗೆ ಮೆರವಣಿಗೆ ಬಂದರು. ಮಸೂದೆಯನ್ನು ಪರಿಶೀಲಿಸಿದ ಸಂಸತ್ತಿನ ಸಮಿತಿಗೆ ಬಂದ 3 ಲಕ್ಷಕ್ಕೂ ಹೆಚ್ಚು ಅಹವಾಲುಗಳಲ್ಲಿ ಶೇ. 90ರಷ್ಟು ಅದಕ್ಕೆ ವಿರುದ್ಧವಾಗಿದ್ದವು. 2025ರ ಏಪ್ರಿಲ್ 10ರಂದು ಸಂಸತ್ತು ಅದನ್ನು 112–11 ಮತಗಳಿಂದ ತಳ್ಳಿಹಾಕಿತು.