ಗಾಳಿಯ ಲೆಕ್ಕ ಬರೆದಿಟ್ಟವರು

ಉರ್ದುವಿನಲ್ಲಿ ನಾವು 'ಮೌಸಮ್' ಎನ್ನುವುದು ಹವೆಗೆ, ಋತುವಿಗೆ. ಅದರ ಮೂಲವಾದ ಅರಬಿಯ 'ಮೌಸಿಮ್' ಎಂದರೆ ಗೊತ್ತುಪಡಿಸಿದ ಕಾಲ. ಹಿಂದೂ ಮಹಾಸಾಗರದ ನಾವಿಕರಿಗೆ ಅದು ಹಡಗು ಬಿಡುವ ಹೊತ್ತು. ಇದೇ ಪದ ಪೋರ್ಚುಗೀಸರ ಬಾಯಿಗೆ ಬಿದ್ದು, ಅಲ್ಲಿಂದ ಇಂಗ್ಲಿಷಿಗೆ ಹೋಗಿ 'ಮಾನ್ಸೂನ್' ಆಗಿ ನಮ್ಮ ಪಠ್ಯಪುಸ್ತಕಕ್ಕೆ ಮರಳಿ ಬಂತು. ನಾವು ಮಳೆ ಎಂದುಕೊಂಡದ್ದನ್ನು ಅವರು ವೇಳಾಪಟ್ಟಿ ಎಂದುಕೊಂಡಿದ್ದರು.

ಆ ವೇಳಾಪಟ್ಟಿಯನ್ನು ಬರಹಕ್ಕಿಳಿಸಿದವರಲ್ಲಿ ದೊಡ್ಡ ಹೆಸರು ಅಹ್ಮದ್ ಇಬ್ನ್ ಮಾಜಿದ್. ಊರು ಜುಲ್ಫಾರ್, ಇಂದಿನ ರಾಸ್ ಅಲ್ ಖೈಮಾ. ಅಜ್ಜ, ತಂದೆ ಇಬ್ಬರೂ ಹಡಗಿಗೆ ದಾರಿ ತೋರುವ ಮುಅಲ್ಲಿಮರು. ತಂದೆ ಕಲಿಸಿದ್ದನ್ನೂ ತನ್ನ ಅನುಭವಕ್ಕೆ ಹಚ್ಚಿ ತಿದ್ದಿದವನು ಈತ. 1490ರ ಸುಮಾರಿಗೆ ಪೂರ್ತಿಗೊಳಿಸಿದ 'ಕಿತಾಬುಲ್ ಫವಾಯಿದ್'ನಲ್ಲಿ ನಕ್ಷತ್ರಗಳು, ಬಂದರುಗಳು, ಗಾಳಿಯ ದಿಕ್ಕುಗಳು, ಯಾವ ಬಂದರಿನಿಂದ ವರ್ಷದ ಎಷ್ಟನೇ ದಿನಕ್ಕೆ ಹೊರಡಬೇಕು ಎಂಬ ಎಣಿಕೆ ಎಲ್ಲವೂ ಇವೆ. ಬಹಳಷ್ಟನ್ನು ಆತ ಪದ್ಯದಲ್ಲಿಯೂ ಬರೆದ. ಅಲೆಯ ಮಧ್ಯೆ ಪುಸ್ತಕ ತೆರೆಯಲಾಗದು, ಪದ್ಯವಾದರೆ ನಾಲಿಗೆಯ ಮೇಲಿರುತ್ತದೆ. ಉಪಕರಣವೋ, ಗಂಟು ಹಾಕಿದ ದಾರ ಪೋಣಿಸಿದ ಒಂದು ಸಣ್ಣ ಹಲಗೆ, 'ಕಮಾಲ್'. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯನ್ನು ಮುಂದೆ ಹಿಡಿದು, ಧ್ರುವ ನಕ್ಷತ್ರ ಎಷ್ಟು ಬೆರಳು ಮೇಲಿದೆ ಎಂದು ಅಳೆಯುತ್ತಿದ್ದರು. ವಾಸ್ಕೋ ಡ ಗಾಮಾನಿಗೆ ದಾರಿ ತೋರಿಸಿದವನು ಇವನೇ ಎಂಬ ಕಥೆ ಎಷ್ಟೋ ಪುಸ್ತಕಗಳಲ್ಲಿದೆ. ಹೆಚ್ಚಿನ ಇತಿಹಾಸಕಾರರು ಈಗ ಅದನ್ನು ಒಪ್ಪುವುದಿಲ್ಲ. ಒಳ್ಳೆಯದೇ ಆಯಿತು, ಅವನ ನೆನಪಿಗೆ ಗಾಮಾನ ಹಂಗು ಬೇಕಿಲ್ಲ.

ಈ ವಿದ್ಯೆ ಮನೆತನದ ಗುಟ್ಟಾಗಿತ್ತು, ತಂದೆಯಿಂದ ಮಗನಿಗೆ, ಉಸ್ತಾದನಿಂದ ಶಿಷ್ಯನಿಗೆ ಇಳಿಯುತ್ತಿತ್ತು. ಒಬ್ಬೊಬ್ಬ ಖಲಾಸಿ ಕಂಡದ್ದನ್ನು ಎಲ್ಲರದಾಗಿ ಮಾಡುವ ಕೆಲಸ ನಡೆದದ್ದು ಸುಮಾರು ಮೂರೂವರೆ ಶತಮಾನದ ಬಳಿಕ, ಬೇರೊಂದು ಸಮುದ್ರದ ದಂಡೆಯಲ್ಲಿ. ಅದನ್ನು ಮಾಡಿದವನು ಸಮುದ್ರಕ್ಕೆ ಹೋಗಲಾರದ ಒಬ್ಬ ಕುಂಟ.

ಮ್ಯಾಥ್ಯೂ ಫಾಂಟೇನ್ ಮೌರಿ ಅಮೆರಿಕದ ನೌಕಾದಳದ ಅಧಿಕಾರಿ. 1839ರಲ್ಲಿ ಕುದುರೆ ಬಂಡಿ ಮಗುಚಿ ಕಾಲು ಮುರಿದುಕೊಂಡ. 1842ರಲ್ಲಿ ಅವನನ್ನು ವಾಷಿಂಗ್ಟನ್ನಿನ ನಕಾಶೆ ಮತ್ತು ಉಪಕರಣಗಳ ಉಗ್ರಾಣಕ್ಕೆ ಹಾಕಿದರು. ಅಲ್ಲಿ ರಾಶಿ ಬಿದ್ದಿದ್ದವು ಹಳೆಯ ಲಾಗ್‌ಬುಕ್ಕುಗಳು. ಇಂಥ ದಿನ ಹಡಗು ಎಲ್ಲಿತ್ತು, ಗಾಳಿ ಯಾವ ಕಡೆಯದು, ನೀರಿನ ಸೆಳೆತ ಹೇಗಿತ್ತು ಎಂದು ಕಪ್ತಾನರು ಬರೆದಿಟ್ಟ ದಿನಚರಿಗಳವು. ಯಾನ ಮುಗಿದ ಮೇಲೆ ಯಾರಿಗೂ ಬೇಡವಾದ ಕಾಗದ. ಮೌರಿಗೆ ಹೊಳೆದದ್ದು ಇಷ್ಟು: ಒಬ್ಬನ ದಿನಚರಿ ಒಂದು ಪ್ರಯಾಣದ ಕಥೆ, ಸಾವಿರಾರು ಜನರದ್ದನ್ನು ಒಂದೇ ನಕಾಶೆಯ ಮೇಲೆ ಹರಡಿದರೆ ಅದು ಸಮುದ್ರದ ಸ್ವಭಾವ.

1847ರಲ್ಲಿ ಉತ್ತರ ಅಟ್ಲಾಂಟಿಕ್‌ನ ಗಾಳಿ ಮತ್ತು ಪ್ರವಾಹಗಳ ನಕಾಶೆ ಬಂತು. ಹಳೆಯ ಕಪ್ತಾನರು ನಂಬಲಿಲ್ಲ. ಮರುವರ್ಷ ಬಾಲ್ಟಿಮೋರಿನ ಒಂದು ಹಡಗು ಅದನ್ನೇ ಹಿಡಿದು ಹೊರಟು, ಸುಮಾರು 55 ದಿನ ಹಿಡಿಯುತ್ತಿದ್ದ ರಿಯೊ ಡಿ ಜನೈರೊವನ್ನು 38 ದಿನಕ್ಕೆ ತಲುಪಿತು. ಆಮೇಲೆ ಎಲ್ಲರಿಗೂ ನಕಾಶೆ ಬೇಕಾಯಿತು. ಮೌರಿಯ ಕರಾರು ಸರಳ: ನಕಾಶೆ ಬಿಟ್ಟಿ, ಬದಲಿಗೆ ನಿಮ್ಮ ಯಾನದ ದಿನಚರಿಯನ್ನು ನಾನು ಕೊಟ್ಟ ನಮೂನೆಯಲ್ಲಿ ಬರೆದು ಕಳುಹಿಸಿ. ಕೊಟ್ಟವನೇ ಪಡೆಯುವವನು. ಇಂದು ನಮ್ಮಿಂದ ಮಾಹಿತಿ ಎಳೆದು ನಮಗೇ ಮಾರುವ ಕಂಪೆನಿಗಳ ಕಾಲದಲ್ಲಿ ಈ ಕರಾರು ಸ್ವಲ್ಪ ಅಚ್ಚರಿಯದಾಗಿ ಕಾಣುತ್ತದೆ.

ಇದರ ಫಲ ಕಂಡವರಲ್ಲಿ ಎಲಿನರ್ ಕ್ರೀಸಿ ಎಂಬ ಹೆಂಗಸೂ ಇದ್ದಳು. ಗಂಡ 'ಫ್ಲೈಯಿಂಗ್ ಕ್ಲೌಡ್' ಹಡಗಿನ ಕಪ್ತಾನ, ದಾರಿಯ ಲೆಕ್ಕ ಹಾಕುತ್ತಿದ್ದವಳು ಇವಳು. 1851ರಲ್ಲಿ ಮೌರಿಯ ಸೂಚನೆಗಳನ್ನು ಅನುಸರಿಸಿ, ದಕ್ಷಿಣ ಅಮೆರಿಕವನ್ನು ಸುತ್ತಿ, ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ 89 ದಿನ 21 ಗಂಟೆಗಳಲ್ಲಿ ಮುಟ್ಟಿಸಿದಳು. ಬಹಳಷ್ಟು ಹಡಗುಗಳಿಗೆ ಆಗ ಆರು ತಿಂಗಳು ಬೇಕಾಗುತ್ತಿತ್ತು.

1853ರಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಬ್ರಸೆಲ್ಸಿನಲ್ಲಿ ಸೇರಿ, ಎಲ್ಲ ಹಡಗುಗಳೂ ಒಂದೇ ನಮೂನೆಯಲ್ಲಿ ಹವೆಯನ್ನು ದಾಖಲಿಸಲಿ ಎಂದು ಒಪ್ಪಿದರು. 1854ರಲ್ಲಿ 'ಆರ್ಕ್ಟಿಕ್' ಎಂಬ ಹಡಗು ಮಂಜಿನಲ್ಲಿ ಮತ್ತೊಂದಕ್ಕೆ ಡಿಕ್ಕಿ ಹೊಡೆದು ಮುಳುಗಿ ಅದರಲ್ಲಿದ್ದ ಹೆಂಗಸರು ಮಕ್ಕಳಲ್ಲಿ ಒಬ್ಬರೂ ಉಳಿಯಲಿಲ್ಲ. ಆಗ ಮೌರಿ ತನ್ನ ದಿನಚರಿಗಳನ್ನು ಮತ್ತೆ ಬಿಡಿಸಿ, ಹೋಗುವ ಹಡಗಿಗೆ ಒಂದು, ಬರುವುದಕ್ಕೆ ಇನ್ನೊಂದು ಎಂದು ಅಟ್ಲಾಂಟಿಕ್‌ನಲ್ಲಿ ಎರಡು ಪಥಗಳನ್ನು ಸೂಚಿಸಿದ.

ಇಲ್ಲಿಗೇ ನಿಲ್ಲಿಸಿದರೆ ಮೌರಿ ಒಬ್ಬ ಸಂತನಾಗಿಬಿಡುತ್ತಾನೆ. ಆದರೆ ಇದೇ ಮನುಷ್ಯ, ಅಮೆರಿಕದ ಗುಲಾಮರ ಒಡೆಯರು ತಮ್ಮ ಗುಲಾಮರ ಸಮೇತ ಅಮೆಜಾನ್ ಕಣಿವೆಗೆ ಹೋಗಿ ನೆಲೆಸಬಹುದು ಎಂದು ಯೋಜನೆ ಹಾಕಿದ್ದ. ನದಿಯನ್ನು ನೋಡಿ ಬರಲು ಹೋದವನು ಅವನ ಹೆಂಡತಿಯ ಸಹೋದರನೇ. 1861ರಲ್ಲಿ ಅಂತರ್ಯುದ್ಧ ಶುರುವಾದಾಗ ಮೌರಿ ರಾಜೀನಾಮೆ ಕೊಟ್ಟು ದಕ್ಷಿಣದ ಪಕ್ಷ ಸೇರಿದ. ಹಡಗುಗಳನ್ನು ಕಾಯುತ್ತಿದ್ದ ಬುದ್ಧಿ, ಹಡಗು ಒಡೆಯುವ ವಿದ್ಯುತ್ ಸಿಡಿಗುಂಡುಗಳನ್ನು ಮಾಡತೊಡಗಿತು. ಗಾಳಿಯ ಲೆಕ್ಕ ಇಷ್ಟು ಚೆನ್ನಾಗಿ ಬಲ್ಲವನಿಗೆ ಮನುಷ್ಯನ ಲೆಕ್ಕ ಹೇಗೆ ತಪ್ಪಿತೋ!

ಇನ್ನು ನಮ್ಮ ಕಾಲ. 2004ರ ಕೊನೆಯ ಹೊತ್ತಿಗೆ ದೇಶದಿಂದ ದೇಶಕ್ಕೆ ಓಡುವ 300 ಟನ್ನಿಗೆ ಮೇಲ್ಪಟ್ಟ ಹಡಗುಗಳೆಲ್ಲ ತಮ್ಮ ಹೆಸರು, ಜಾಗ, ವೇಗಗಳನ್ನು ತಾವೇ ಸಾರುವ ಎಐಎಸ್ ಯಂತ್ರ ಇಟ್ಟುಕೊಳ್ಳಬೇಕಾಯಿತು. 2019ರಿಂದ 5,000 ಟನ್ನಿಗಿಂತ ದೊಡ್ಡವು ಸುಟ್ಟ ಇಂಧನದ ಲೆಕ್ಕವನ್ನೂ ಒಪ್ಪಿಸಬೇಕು. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಸುಮಾರು ನೂರಕ್ಕೆ ಮೂರು ಪಾಲು ಹಡಗುಗಳದ್ದು. ಈ ಅಂಕಿಗಳಿಂದ ತಿಳಿದುಬಂದ ಒಂದು ಸಂಗತಿ ನಗು ತರಿಸುವಂಥದ್ದು: ಎಷ್ಟೋ ಹಡಗುಗಳು ಏದುಸಿರು ಬಿಡುತ್ತ ಓಡಿ ಬಂದು, ಬಂದರಿನ ಹೊರಗೆ ದಿನಗಟ್ಟಲೆ ಲಂಗರು ಹಾಕಿ ಕಾಯುತ್ತವೆ. ಬಂದರಿನಲ್ಲಿ ಜಾಗವಿಲ್ಲದಿದ್ದರೂ ಆದಷ್ಟು ಬೇಗ ತಲುಪಬೇಕೆಂದು ಬಾಡಿಗೆ ಕರಾರಿನಲ್ಲಿ ಬರೆದಿರುತ್ತದೆ. ವೇಗವನ್ನು ಹತ್ತರಲ್ಲೊಂದು ಪಾಲು ಇಳಿಸಿದರೆ ಅದೇ ದೂರಕ್ಕೆ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಇಂಧನ ಉಳಿಯುತ್ತದೆ. ಮೌಸಿಮ್ ನೋಡಿ ಹೊರಡುತ್ತಿದ್ದವರಿಗೆ ಈ ಧಾವಂತ ಅರ್ಥವಾಗುತ್ತಿರಲಿಲ್ಲ.

ಹಾಯಿಯೂ ಮರಳಿದೆ. 2023ರಲ್ಲಿ 'ಪಿಕ್ಸಿಸ್ ಓಷನ್' ಎಂಬ ಸರಕು ಹಡಗು 37.5 ಮೀಟರ್ ಎತ್ತರದ ಎರಡು ಹಾಯಿಗಳನ್ನು ಹೊತ್ತು ಚೀನಾದಿಂದ ಬ್ರೆಜಿಲ್‌ಗೆ ಹೋಯಿತು. ಇಂಥ ಹಡಗಿಗೆ ಮತ್ತೆ ಗಾಳಿಯ ನಕಾಶೆ ಬೇಕು. ಮೌರಿ ಕೂಡಿಹಾಕಿದ ದಿನಚರಿಗಳು ಈಗ ಕಂಪ್ಯೂಟರಿಗೆ ಏರಿವೆ. ಭೂಮಿ ಎಷ್ಟು ಕಾದಿದೆ ಎಂದು ತಿಳಿಯಲು ವಿಜ್ಞಾನಿಗಳು ಆ ಖಲಾಸಿಗಳ ಸಾಕ್ಷ್ಯವನ್ನೂ ಕೇಳುತ್ತಾರೆ.

ಆದರೆ ಮಾಹಿತಿ ಇರುವುದು ಬೇರೆ, ಬೇಕಾದವರ ಕೈಗೆ ಸಿಗುವುದು ಬೇರೆ. 2025ರ ಮೇ 25ರಂದು ಕೊಚ್ಚಿಯ ಹೊರಗೆ 'ಎಂಎಸ್‌ಸಿ ಎಲ್ಸಾ 3' 640 ಕಂಟೇನರುಗಳೊಂದಿಗೆ ಮುಳುಗಿತು. ಪ್ಲಾಸ್ಟಿಕ್ ಕಾಳುಗಳು ತೇಲಿ ಬಂದು ಕೇರಳದ ಮರಳು ದಂಡೆ ತುಂಬಿದವು. ಯಾವ ಪೆಟ್ಟಿಗೆಯಲ್ಲಿ ಏನಿತ್ತೆಂಬ ಪಟ್ಟಿ ಹೊರಗೆ ಬರಲಿ ಎಂದು ಜನ ಒತ್ತಾಯಿಸಬೇಕಾಯಿತು. ಬಲೆ ಬೀಸುವವನಿಗೆ ಆ ಪಟ್ಟಿಗಿಂತ ದೊಡ್ಡ ತಂತ್ರಜ್ಞಾನ ಆ ಹೊತ್ತಿಗೆ ಯಾವುದಿತ್ತು?

ಮರುತಿಂಗಳು ಇಸ್ರೇಲ್-ಇರಾನ್ ಯುದ್ಧದ ದಿನಗಳಲ್ಲಿ ಹೊರ್ಮುಜ್ ಸುತ್ತಮುತ್ತ ಉಪಗ್ರಹದ ಸಂಕೇತಗಳು ಕಲಬೆರಕೆಯಾದವು. ತೆರೆಯ ಮೇಲೆ ಹಡಗುಗಳು ತಾವಿಲ್ಲದ ಜಾಗದಲ್ಲಿ, ಕೆಲವೊಮ್ಮೆ ಒಣ ನೆಲದ ಮೇಲೆ ಕಾಣಿಸಿಕೊಂಡವು. ಜೂನ್ 17ರಂದು, ಇಬ್ನ್ ಮಾಜಿದ್‌ನ ಜುಲ್ಫಾರಿನಿಂದ ಬಹಳ ದೂರವೇನೂ ಅಲ್ಲದ ಖೋರ್ ಫಕ್ಕಾನಿನ ಹೊರಗೆ 'ಫ್ರಂಟ್ ಈಗಲ್' ಮತ್ತು 'ಅಡಲಿನ್' ಎಂಬ ಎರಡು ತೈಲದ ಹಡಗುಗಳು ಡಿಕ್ಕಿ ಹೊಡೆದು ಬೆಂಕಿ ಹತ್ತಿಕೊಂಡವು. ಕಾರಣ ನಾವಿಕರ ಅಂದಾಜಿನ ತಪ್ಪು ಎಂದು ಅಮೀರತ್ ಸರಕಾರ ಹೇಳಿತು. ಅಡಲಿನ್‌ನಲ್ಲಿದ್ದ 24 ಮಂದಿಯನ್ನು ಅಲ್ಲಿಯ ತಟರಕ್ಷಕರು ಜೀವಸಹಿತ ದಂಡೆಗೆ ತಂದಿಳಿಸಿದರು.